ಇದ್ದೂ ಸಿಗದ ಲೈಬ್ರರಿ

ವಿಂಡೋಸ್ ಕಂಪ್ಯೂಟರಿನ ಸಿ ಡ್ರೈವ್ ತೆರೆದವರೆಲ್ಲ ಈ ವಿಚಿತ್ರವನ್ನು ಕಂಡಿರುತ್ತಾರೆ. ‘ಪ್ರೋಗ್ರಾಂ ಫೈಲ್ಸ್’ ಎಂಬ ಫೋಲ್ಡರ್ ಅಲ್ಲಿ ಎರಡಿರುತ್ತವೆ. ಎರಡನೆಯದರ ಹೆಸರಿಗೆ ‘ಎಕ್ಸ್86’ ಎಂಬ ಬಾಲ. ಯಾವುದೋ ಸಾಫ್ಟ್‌ವೇರ್ ಇಳಿಸಿಕೊಳ್ಳಲು ಹೋದರೆ ಅಲ್ಲೂ ಒಂದು ಪ್ರಶ್ನೆ: ನಿಮಗೆ ಎಕ್ಸ್64 ಬೇಕೋ, ಆರ್ಮ್64 ಬೇಕೋ? ಹೆಚ್ಚಿನವರು ಮೊದಲು ಕಂಡ ಬಟನ್ ಒತ್ತುತ್ತಾರೆ. ಸಾಮಾನ್ಯವಾಗಿ ಕೆಲಸ ನಡೆದುಹೋಗುತ್ತದೆ. ನಡೆಯದಿದ್ದರೆ, ಈ ಆ್ಯಪ್ ನಿಮ್ಮ ಕಂಪ್ಯೂಟರಿನಲ್ಲಿ ಓಡುವುದಿಲ್ಲ ಎಂಬ ಒಂದು ಸಾಲು ಮೂಡುತ್ತದೆ. ಏಕೆ ಓಡುವುದಿಲ್ಲ ಎಂದು ಯಾರೂ ಹೇಳುವುದಿಲ್ಲ.

ಬಳಸುವವರಿಗೆ ಇದು ಒಂದು ಗಳಿಗೆಯ ಕಿರಿಕಿರಿ. ಪ್ರೋಗ್ರಾಂ ಬರೆಯುವವರಿಗೆ ಇದೇ ತೊಂದರೆ ಇನ್ನೂ ಗೋಜಲಾದ ವೇಷದಲ್ಲಿ ಎದುರಾಗುತ್ತದೆ. ಕನ್ನಡದ್ದೇ ಒಂದು ಕೆಲಸ ತೆಗೆದುಕೊಳ್ಳೋಣ. ಪರದೆಯ ಮೇಲೆ ‘ಅಕ್ಕ’ ಎಂದು ಮೂಡಿಸಬೇಕು. ಕಂಪ್ಯೂಟರಿನೊಳಗೆ ಅದು ನಾಲ್ಕು ಸಂಕೇತಗಳ ಸಾಲು: ಅ, ಕ, ಹಲಂತ ಚಿಹ್ನೆ, ಮತ್ತೊಂದು ಕ. ಈ ಎರಡನೆಯ ಕ ಕೆಳಗಿಳಿದು ಒತ್ತಕ್ಷರವಾಗಬೇಕು, ಎಷ್ಟು ಇಳಿಯಬೇಕು, ಎಲ್ಲಿ ಕೂರಬೇಕು ಎಂಬ ಲೆಕ್ಕವನ್ನೆಲ್ಲ ಮಾಡುವುದು ಹಾರ್ಫ್‌ಬಝ್ ಎಂಬ ಮುಕ್ತ ಲೈಬ್ರರಿ. ಫೈರ್‌ಫಾಕ್ಸ್, ಕ್ರೋಮ್, ಲಿಬ್ರೆಆಫೀಸ್, ಆಂಡ್ರಾಯ್ಡ್ ಎಲ್ಲದರ ಒಳಗೂ ಅದು ಕೂತಿದೆ. ಹೊಸದಾಗಿ ಕನ್ನಡ ಪ್ರೋಗ್ರಾಂ ಬರೆಯುವವರು ಒತ್ತಕ್ಷರದ ಲೆಕ್ಕವನ್ನು ಮತ್ತೆ ಮೊದಲಿನಿಂದ ಬರೆಯುವುದಿಲ್ಲ. ಹಾರ್ಫ್‌ಬಝ್ ತಂದು ಜೋಡಿಸಿಕೊಳ್ಳುತ್ತಾರೆ.

ಈಗ ಹೊಸ ಆಪಲ್ ಮ್ಯಾಕ್ ಕೊಂಡವರೊಬ್ಬರು ಹಳೆಯ ಮ್ಯಾಕ್‌ನಲ್ಲಿದ್ದುದನ್ನೆಲ್ಲ ಅದಕ್ಕೆ ವರ್ಗಾಯಿಸಿ, ನಿನ್ನೆಯವರೆಗೆ ನೆಟ್ಟಗಿದ್ದ ಪ್ರೋಗ್ರಾಂ ಅನ್ನು ಮತ್ತೆ ಕಟ್ಟಲು ಹೊರಡುತ್ತಾರೆ ಎನ್ನಿ. ಕೊನೆಯಲ್ಲಿ ಕೆಂಪಕ್ಷರದ ದೂರು: ಆರ್ಮ್64ಕ್ಕೆ ‘ಎಚ್‌ಬಿ ಶೇಪ್’ ಎಂಬ ಹೆಸರು ಸಿಗಲಿಲ್ಲ. ಒತ್ತಕ್ಷರದ ಲೆಕ್ಕ ಮಾಡಿಸಲು ಹಾರ್ಫ್‌ಬಝ್ ಅನ್ನು ಕರೆಯುವ ಹೆಸರು ಅದು. ಫೋಲ್ಡರ್ ತೆರೆದು ನೋಡಿದರೆ ಹಾರ್ಫ್‌ಬಝ್ ಇದ್ದಲ್ಲೇ ಇದೆ. ಅದರೊಳಗಿನ ಹೆಸರುಗಳ ಪಟ್ಟಿ ತೆಗೆಸಿದರೆ ಎಚ್‌ಬಿ ಶೇಪ್ ಕೂಡ ಇದೆ. ಕಣ್ಣೆದುರಿಗೇ ಇರುವುದು ಸಿಗಲಿಲ್ಲವೆಂದರೆ ಹೇಗೆ?

ಹೆಸರು ಹೊಂದಿಸುವವನು

ದೂರು ಕೊಟ್ಟಿದ್ದು ಲಿಂಕರ್. ಈ ಕೆಲಸಗಾರನ ಪರಿಚಯ ಎಷ್ಟೋ ಪ್ರೋಗ್ರಾಮರುಗಳಿಗೂ ಸರಿಯಾಗಿ ಇರುವುದಿಲ್ಲ. ಎಲ್ಲ ಸರಿಯಿದ್ದಾಗ ಅವನು ಕಾಣಿಸಿಕೊಳ್ಳುವುದೇ ಇಲ್ಲ.

ಮನುಷ್ಯರು ಬರೆದ ಸಾಲುಗಳನ್ನು ಪ್ರೊಸೆಸರ್‌ಗೆ ತಿಳಿಯುವ ಅಂಕಿಗಳನ್ನಾಗಿ ಬದಲಿಸುವುದು ಕಂಪೈಲರ್. ಅದು ಒಂದು ಸಲಕ್ಕೆ ಒಂದೇ ಫೈಲ್ ನೋಡುತ್ತದೆ. ನಡುವೆ ಎಚ್‌ಬಿ ಶೇಪ್ ಎಂಬ ಹೊರಗಿನ ಕೆಲಸದ ಹೆಸರು ಬಂದರೆ, ಅದು ಎಲ್ಲಿದೆಯೆಂದು ಕಂಪೈಲರ್‌ಗೆ ಗೊತ್ತಿಲ್ಲ. ಒಂದು ಖಾಲಿ ಜಾಗ ಬಿಟ್ಟು, ಇಲ್ಲಿ ಎಚ್‌ಬಿ ಶೇಪ್‌ನ ವಿಳಾಸ ತುಂಬಬೇಕು ಎಂದು ಟಿಪ್ಪಣಿ ಹಾಕಿ ಮುಂದೆ ಹೋಗುತ್ತದೆ. ಲಿಂಕರ್ ಆ ಟಿಪ್ಪಣಿಗಳನ್ನೆಲ್ಲ ಕೂಡಿಹಾಕಿಕೊಂಡು, ಲೈಬ್ರರಿಗಳಲ್ಲಿ ಅದೇ ಹೆಸರು ಹುಡುಕಿ, ಖಾಲಿ ಜಾಗ ತುಂಬುತ್ತದೆ.

ಲೈಬ್ರರಿ ಎಂಬ ಏರ್ಪಾಡು ಕಂಪ್ಯೂಟರಿನಷ್ಟೇ ಹಳೆಯದು. 1949ರಲ್ಲಿ ಕೆಲಸ ಶುರುಮಾಡಿದ ಕೇಂಬ್ರಿಜ್‌ನ ಎಡ್‌ಸ್ಯಾಕ್ ಯಂತ್ರದ ಬಳಿ ಉಕ್ಕಿನ ಒಂದು ಬೀರುವಿತ್ತು. ಪದೇಪದೇ ಬೇಕಾಗುವ ಲೆಕ್ಕಗಳನ್ನು ತೂತು ಕೊರೆದ ಕಾಗದದ ಪಟ್ಟಿಗಳಲ್ಲಿ ಬರೆದು ಅದರಲ್ಲಿ ಇಟ್ಟಿರುತ್ತಿದ್ದರು. ಬೇಕಾದ ಪಟ್ಟಿ ತೆಗೆದು ತಮ್ಮ ಪಟ್ಟಿಗೆ ನಕಲು ಮಾಡಿಕೊಂಡರೆ ಆಯಿತು. ಮಾರಿಸ್ ವಿಲ್ಕ್ಸ್, ಡೇವಿಡ್ ವೀಲರ್, ಸ್ಟ್ಯಾನ್ಲಿ ಗಿಲ್ ಈ ಪದ್ಧತಿಯ ಬಗ್ಗೆ 1951ರಲ್ಲಿ ಪುಸ್ತಕವನ್ನೇ ಬರೆದರು. ನಮ್ಮ ಇವತ್ತಿನ ತಕರಾರು ಅವರಿಗಿರಲಿಲ್ಲ. ಯಂತ್ರ ಒಂದೇ, ಬೀರು ಒಂದೇ. ಬೀರುವಿನಲ್ಲಿದ್ದ ಪ್ರತಿ ಪಟ್ಟಿಯೂ ಆ ಯಂತ್ರಕ್ಕೆಂದೇ ಕೊರೆದದ್ದು.

ನಾಲ್ಕು ಬೈಟ್, ಎರಡು ಓದು

ಇಂದಿನ ಯಂತ್ರಗಳು ಹಲವು ಮನೆತನಗಳಿಗೆ ಸೇರಿದವು. ಯಾವ ಅಂಕಿಗೆ ಯಾವ ಕೆಲಸ ಎಂಬ ಒಪ್ಪಂದವನ್ನು ಹಂಚಿಕೊಂಡ ಪ್ರೊಸೆಸರುಗಳ ಗುಂಪನ್ನು ಇಲ್ಲಿ ಮನೆತನ ಎನ್ನುತ್ತಿದ್ದೇನೆ. ಇಂಜಿನಿಯರುಗಳ ಬಾಯಲ್ಲಿ ಅದು ಆರ್ಕಿಟೆಕ್ಚರ್. 1964ರಲ್ಲಿ ಐಬಿಎಂ ತನ್ನ ಸಿಸ್ಟಂ 360 ಸರಣಿಯಲ್ಲಿ ಚಿಕ್ಕ ಯಂತ್ರಕ್ಕೂ ದೊಡ್ಡ ಯಂತ್ರಕ್ಕೂ ಒಂದೇ ಒಪ್ಪಂದ ಇಟ್ಟಿತು. ಒಂದು ಯಂತ್ರಕ್ಕೆ ಬರೆದದ್ದು ಸರಣಿಯ ಇನ್ನೊಂದರಲ್ಲೂ ಓಡಬಹುದು ಎಂಬ ಅನುಕೂಲ ಬಂದದ್ದು ಹಾಗೆ. ಇಂದು ನಮ್ಮ ಸುತ್ತ ಮುಖ್ಯವಾಗಿ ಎರಡು ಮನೆತನಗಳಿವೆ. ಒಂದು 1978ರ ಇಂಟೆಲ್ 8086 ಚಿಪ್‌ನಿಂದ ಬೆಳೆದ ಎಕ್ಸ್86. ಅದಕ್ಕೆ ಎಕ್ಸ್64 ಅಥವಾ ಎಕ್ಸ್86-64 ಎಂಬ 64 ಬಿಟ್‌ನ ರೂಪ ಕೊಟ್ಟು 2003ರಲ್ಲಿ ಮಾರುಕಟ್ಟೆಗೆ ತಂದದ್ದು ಎಎಂಡಿ. ಇನ್ನೊಂದು 1985ರಲ್ಲಿ ಕೇಂಬ್ರಿಜ್‌ನ ಏಕಾರ್ನ್ ಕಂಪನಿಯಲ್ಲಿ ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ರೂಪಿಸಿದ ಆರ್ಮ್; ಅದರ 64 ಬಿಟ್‌ನ ರೂಪ ಆರ್ಮ್64. ಫೋನುಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಆರ್ಮ್. ಮ್ಯಾಕ್‌ಗಳು 2006ರಿಂದ ಇಂಟೆಲ್ ಬಳಸುತ್ತಿದ್ದವು, 2020ರ ನವೆಂಬರ್‌ನಿಂದ ಆರ್ಮ್ ಕಡೆಗೆ ಹೊರಳಿದವು.

ಇವುಗಳ ವ್ಯತ್ಯಾಸ ಎಷ್ಟು ಆಳದ್ದು ಎಂಬುದಕ್ಕೆ ಅತಿ ಸಣ್ಣ ಆಜ್ಞೆಯೊಂದನ್ನು ನೋಡಿ. ಕೆಲಸ ಮುಗಿಯಿತು, ಕರೆದವರ ಬಳಿಗೆ ಹಿಂತಿರುಗು ಎನ್ನುವ ಆಜ್ಞೆ ಪ್ರತಿ ಪ್ರೋಗ್ರಾಂನಲ್ಲೂ ಸಾವಿರಾರು ಕಡೆ ಬರುತ್ತದೆ. ಇಂಟೆಲ್ ಮನೆತನದಲ್ಲಿ ಅದು ಒಂದೇ ಬೈಟ್: 195. ಆರ್ಮ್64ರಲ್ಲಿ ನಾಲ್ಕು ಬೈಟ್: 192, 3, 95, 214. ಆರ್ಮ್64ರ ಪ್ರತಿ ಆಜ್ಞೆಯೂ ನಾಲ್ಕೇ ಬೈಟ್. ಇಂಟೆಲ್‌ನ ಆಜ್ಞೆಗಳು ಒಂದು ಬೈಟ್‌ನಿಂದ ಹದಿನೈದರವರೆಗೆ ಹೇಗೆಂದರೆ ಹಾಗೆ ಉದ್ದವಾಗುತ್ತವೆ.

ಆರ್ಮ್‌ನ ಆ ನಾಲ್ಕು ಬೈಟ್‌ಗಳನ್ನು ಇಂಟೆಲ್ ಚಿಪ್ ಮುಂದೆ ಇಟ್ಟರೆ ಏನಾಗುತ್ತದೆ? ಮೊದಲ ಮೂರನ್ನು ಅದು ಖುಷಿಯಿಂದ ಓದಿಕೊಳ್ಳುತ್ತದೆ. ಮೆಮೊರಿಯ ಇಂಥಲ್ಲಿರುವ ಬೈಟ್‌ನೊಳಗಿನ ಬಿಟ್‌ಗಳನ್ನು ಎಡಕ್ಕೆ ಸುತ್ತಿಸು ಎಂಬ ಆಜ್ಞೆ ಅದಕ್ಕೆ ಕಾಣುತ್ತದೆ. ನಾಲ್ಕನೆಯ ಬೈಟ್‌ಗೆ 64 ಬಿಟ್ ಇಂಟೆಲ್‌ನಲ್ಲಿ ಅರ್ಥವೇ ಇಲ್ಲ. ಅಲ್ಲಿ ಪ್ರೋಗ್ರಾಂ ಕುಸಿಯುತ್ತದೆ. ನನಗೆ ಭಯ ಹುಟ್ಟಿಸುವುದು ಆ ಕುಸಿತವಲ್ಲ, ಅದಕ್ಕೆ ಮುಂಚಿನ ಮೂರು ಬೈಟ್‌ಗಳು. ಯಾರದೋ ಮಾಹಿತಿಯನ್ನು ಸದ್ದಿಲ್ಲದೆ ತಿರುಚಿ, ಆಮೇಲೆ ಕುಸಿಯುವ ಪ್ರೋಗ್ರಾಂ ಅದು.

ಆಜ್ಞೆಗಳಾಚೆಗೂ ಒಪ್ಪಂದವಿದೆ. ಎಚ್‌ಬಿ ಶೇಪ್ ಅನ್ನು ಕರೆಯುವಾಗ ನಾಲ್ಕು ಸಂಗತಿ ಒದಗಿಸಬೇಕು: ಯಾವ ಫಾಂಟ್, ಯಾವ ಪಠ್ಯ, ಯಾವ ವಿಶೇಷ ಸೂಚನೆಗಳು, ಅವು ಎಷ್ಟು. ಅವನ್ನು ಇಡಬೇಕಾದ ಜಾಗ ಪ್ರೊಸೆಸರ್‌ನೊಳಗಿನ ರಿಜಿಸ್ಟರುಗಳು. ಇಂಟೆಲ್ ಮ್ಯಾಕ್‌ನಲ್ಲಿ ಹೀಗೆ ಒಪ್ಪಿಸಲು ಆರು ರಿಜಿಸ್ಟರುಗಳು ಗೊತ್ತಾಗಿವೆ, ಆರ್ಮ್64ರಲ್ಲಿ ಎಂಟು, 64 ಬಿಟ್ ಇಂಟೆಲ್ ವಿಂಡೋಸ್‌ನಲ್ಲಿ ನಾಲ್ಕೇ. ಕೊನೆಗೆ ಲಿಂಕರ್ ತುಂಬಬೇಕಾದ ಖಾಲಿ ಜಾಗದ ಆಕಾರವೂ ಬೇರೆ. ನಾಲ್ಕು ಬೈಟ್‌ನ ಆರ್ಮ್ ಆಜ್ಞೆಯೊಂದರಲ್ಲಿ ಪೂರ್ತಿ ವಿಳಾಸ ಹಿಡಿಸುವುದಿಲ್ಲ. ಅದನ್ನು ಸೀಳಿ ಎರಡು ಆಜ್ಞೆಗಳಿಗೆ ಹಂಚುವುದು ಅಲ್ಲಿ ಮಾಮೂಲು. ಹೆಸರೊಂದು ಹೊಂದಿದ ಮಾತ್ರಕ್ಕೆ ಇದ್ಯಾವುದೂ ಹೊಂದುವುದಿಲ್ಲ.

ತಲೆಯಲ್ಲೇ ಬರೆದಿದೆ

ಅದಕ್ಕೇ ಕಂಪೈಲ್ ಆದ ಪ್ರತಿ ಫೈಲೂ ತನ್ನ ಮನೆತನವನ್ನು ಶುರುವಿನ ಕೆಲವೇ ಬೈಟ್‌ಗಳಲ್ಲಿ ಬರೆದುಕೊಂಡು ಹುಟ್ಟುತ್ತದೆ. ಲಿನಕ್ಸ್‌ನ ಫೈಲುಗಳು 127 ಎಂಬ ಬೈಟ್ ಹಾಗೂ ಇ, ಎಲ್, ಎಫ್ ಎಂಬ ಮೂರು ಅಕ್ಷರಗಳಿಂದ ಆರಂಭವಾಗುತ್ತವೆ. ಐದನೆಯ ಬೈಟ್ 1 ಆದರೆ 32 ಬಿಟ್, 2 ಆದರೆ 64 ಬಿಟ್. 19 ಮತ್ತು 20ನೆಯ ಬೈಟ್‌ಗಳಲ್ಲಿ ಮನೆತನದ ಸಂಖ್ಯೆ: 64 ಬಿಟ್ ಇಂಟೆಲ್‌ಗೆ 62, ಆರ್ಮ್64ಕ್ಕೆ 183. ಐಐಟಿ ಮದ್ರಾಸಿನ ಶಕ್ತಿ ಪ್ರೊಸೆಸರುಗಳು ಸೇರುವ ರಿಸ್ಕ್-ಫೈವ್ ಮನೆತನಕ್ಕೆ 243.

ಮ್ಯಾಕ್‌ನಲ್ಲಿ ಇನ್ನೊಂದು ಚಮತ್ಕಾರವಿದೆ. ಎರಡು ಮನೆತನಗಳ ನಕಲನ್ನೂ ಒಂದೇ ಫೈಲಿನೊಳಗೆ ಹೊಲಿದಿಡಬಹುದು. ಸ್ಟೀವ್ ಜಾಬ್ಸ್ ಕಟ್ಟಿದ ನೆಕ್ಸ್ಟ್ ಕಂಪನಿ 1993ರಲ್ಲೇ ಈ ದಪ್ಪ ಫೈಲುಗಳನ್ನು ಬಳಕೆಗೆ ತಂದಿತ್ತು. ಆಪಲ್ ಈಗ ಅದನ್ನು ಯೂನಿವರ್ಸಲ್ ಎನ್ನುತ್ತದೆ. ಅಂಥ ಫೈಲಿನ ಮೊದಲ ನಾಲ್ಕು ಬೈಟ್‌ಗಳನ್ನು ಹದಿನಾರರ ಅಂಕಪದ್ಧತಿಯಲ್ಲಿ ಬರೆದರೆ ‘ಕೆಫೆಬೇಬ್’ ಎಂದು ಓದಿಸಿಕೊಳ್ಳುತ್ತದೆ. ತಮಾಷೆಯೆಂದರೆ ಜಾವಾ ಭಾಷೆಯ ಫೈಲುಗಳ ಮೊದಲ ನಾಲ್ಕು ಬೈಟ್‌ಗಳೂ ಅವೇ! ಎರಡನ್ನೂ ಬೇರೆ ಮಾಡುವುದು ಮುಂದಿನ ಸಂಖ್ಯೆಯಿಂದ. ಜಾವಾದಲ್ಲಿ ಅಲ್ಲಿ ಆವೃತ್ತಿ ಸಂಖ್ಯೆ ಇರುತ್ತದೆ, ಅದು 45ಕ್ಕಿಂತ ಕಡಿಮೆ ಇರುವುದಿಲ್ಲ. ದಪ್ಪ ಫೈಲಿನಲ್ಲಿ ಎಷ್ಟು ಮನೆತನಗಳಿವೆ ಎಂಬ ಎಣಿಕೆ ಇರುತ್ತದೆ, ಅದು ಎರಡೋ ಮೂರೋ.

ಫೋನುಗಳ ಲೋಕದಲ್ಲೂ ಇದೇ ಉಪಾಯ ಸ್ವಲ್ಪ ಬೇರೆ ರೀತಿ ನಡೆಯುತ್ತದೆ. ಆಂಡ್ರಾಯ್ಡ್ ಆ್ಯಪ್‌ನ ಕಟ್ಟಿನೊಳಗೆ ಮನೆತನಕ್ಕೊಂದು ಫೋಲ್ಡರ್. 2019ರ ಆಗಸ್ಟ್‌ನಿಂದ ಪ್ಲೇ ಸ್ಟೋರ್ 64 ಬಿಟ್ ನಕಲೂ ಇರಲೇಬೇಕೆಂದು ಕಡ್ಡಾಯ ಮಾಡಿತು.

‘ಸಿಗಲಿಲ್ಲ’ ಎಂಬ ಅರ್ಧ ಸತ್ಯ

ಈಗ ದೂರಿನ ಅಸಲು ಅರ್ಥ ಬಿಡಿಸಬಹುದು. ಲಿಂಕರ್ ಲೈಬ್ರರಿಯ ಹೆಸರುಗಳನ್ನು ನೋಡುವುದಕ್ಕೆ ಮುಂಚೆ ತಲೆಯ ಬೈಟ್‌ಗಳನ್ನು ನೋಡುತ್ತದೆ. ಮನೆತನ ಬೇರೆಯಾದರೆ ಆ ಫೈಲನ್ನು ಬದಿಗಿಟ್ಟುಬಿಡುತ್ತದೆ, ಒಳಗೆ ಇಣುಕುವುದೇ ಇಲ್ಲ. ಉಳಿದ ಲೈಬ್ರರಿಗಳಲ್ಲಿ ಎಚ್‌ಬಿ ಶೇಪ್ ಇಲ್ಲ. ಆದ್ದರಿಂದ ‘ಸಿಗಲಿಲ್ಲ’.

ಪಾತ್ರೆ ಅಂಗಡಿಗೆ ಹೋಗಿ ಐದು ಲೀಟರ್ ಕುಕ್ಕರಿಗೆ ರಬ್ಬರ್ ಕೊಡಿ ಎಂದು ಕೇಳಿ. ಹಿಂದಿನ ಗೋಡೆಯ ತುಂಬ ರಬ್ಬರುಗಳು ತೂಗುತ್ತಿದ್ದರೂ ಅಂಗಡಿಯವರು ಇಲ್ಲ ಎನ್ನಬಹುದು. ನಿಮ್ಮದು ಒಳಮುಚ್ಚಳದ ಕುಕ್ಕರ್, ಅವರಲ್ಲಿರುವುದೆಲ್ಲ ಹೊರಮುಚ್ಚಳದವಕ್ಕೆ. ಎರಡನ್ನೂ ಐದು ಲೀಟರಿನ ರಬ್ಬರ್ ಎಂದೇ ಕರೆಯುತ್ತಾರೆ. ಒಳ್ಳೆಯ ಅಂಗಡಿಯವರು ಕಾರಣವನ್ನೂ ಹೇಳಿ ಕಳಿಸುತ್ತಾರೆ.

ಲಿಂಕರ್ ಕೂಡ ಹೇಳುತ್ತದೆ, ಆದರೆ ನಾವು ಕೇಳಿಸಿಕೊಳ್ಳದ ಜಾಗದಲ್ಲಿ. ಕೆಂಪು ದೂರಿಗಿಂತ ಎಷ್ಟೋ ಸಾಲು ಮೇಲೆ ಒಂದು ಎಚ್ಚರಿಕೆ ಸುಮ್ಮನೆ ಕೂತಿರುತ್ತದೆ: ಈ ಫೈಲನ್ನು ಕಡೆಗಣಿಸಿದ್ದೇನೆ, ಸಿಕ್ಕಿದ್ದು ಎಕ್ಸ್86-64, ಬೇಕಾದದ್ದು ಆರ್ಮ್64. ಅದು ತಪ್ಪೆಂದು ಗುರುತಾಗಿಲ್ಲ, ಬರೀ ಎಚ್ಚರಿಕೆ. ಹಾಗಾಗಿ ಜನ ಕೊನೆಯ ಸಾಲನ್ನು ಓದಿ, ಇರುವ ಲೈಬ್ರರಿಯನ್ನೇ ಲಿಂಕರ್ ಹುಡುಕುವ ದಾರಿಗೆ ಮತ್ತೆಮತ್ತೆ ಸೇರಿಸುತ್ತ ಕೂರುತ್ತಾರೆ. ಲಿನಕ್ಸ್‌ನ ಲಿಂಕರ್ ನಡೆಯೂ ಇದೇ: ಹೊಂದದ ಫೈಲನ್ನು ದಾಟಿ ಹೋಗುತ್ತಿದ್ದೇನೆ ಎಂದು ಒಂದು ಸಾಲು, ಕೊನೆಗೆ ಲೈಬ್ರರಿ ಸಿಗಲಿಲ್ಲ ಎಂದು ಇನ್ನೊಂದು. ಈ ವಿಷಯದಲ್ಲಿ ಮೈಕ್ರೋಸಾಫ್ಟ್‌ನ ಲಿಂಕರ್ ನೇರ ಮಾತಿನದು. ಈ ತುಣುಕಿನ ಯಂತ್ರ 32 ಬಿಟ್‌ನ ಎಕ್ಸ್86, ನೀವು ಕಟ್ಟುತ್ತಿರುವುದು ಎಕ್ಸ್64, ಇವೆರಡೂ ಹೊಂದುವುದಿಲ್ಲ ಎಂದು 1112ನೆಯ ನಂಬರಿನ ತಪ್ಪನ್ನೇ ಎತ್ತಿ ಅಲ್ಲೇ ನಿಲ್ಲುತ್ತದೆ.

ಮೇಲ್ನೋಟಕ್ಕೆ ಲಿನಕ್ಸ್ ಲಿಂಕರ್ ದಡ್ಡತನ ಮಾಡುತ್ತಿದೆ ಅನ್ನಿಸುತ್ತದೆ. ಅದಕ್ಕೊಂದು ಕಾರಣವಿದೆ. ಒಂದೇ ಯಂತ್ರದಲ್ಲಿ 32 ಬಿಟ್ ಮತ್ತು 64 ಬಿಟ್ ಲೈಬ್ರರಿಗಳು ಒಂದೇ ಹೆಸರಿನಲ್ಲಿ ಬೇರೆಬೇರೆ ಫೋಲ್ಡರುಗಳಲ್ಲಿ ಇರಬಹುದು. ಮೊದಲ ಫೋಲ್ಡರಿನಲ್ಲಿ ಹೊಂದದ್ದು ಸಿಕ್ಕಿತೆಂದು ನಿಂತುಬಿಟ್ಟರೆ, ಮುಂದಿನದರಲ್ಲಿರುವ ಸರಿಯಾದದ್ದು ತಪ್ಪಿಹೋಗುತ್ತದೆ.

ರಿಪೇರಿ ಎಲ್ಲಿಂದ ಶುರು

ಹಾಗಾಗಿ ದೂರುಗಳ ಸುರುಳಿಯನ್ನು ಮೇಲಿನಿಂದ ಓದಬೇಕು. ಆಮೇಲೆ ಎರಡೂ ಕಡೆಯ ಮನೆತನವನ್ನು ಖುದ್ದಾಗಿ ವಿಚಾರಿಸಬೇಕು. ಮ್ಯಾಕ್, ಲಿನಕ್ಸ್ ಎರಡರಲ್ಲೂ ‘ಫೈಲ್’ ಎಂಬ ಹೆಸರಿನದೇ ಒಂದು ಆಜ್ಞೆಯಿದೆ. ತಲೆಯ ಬೈಟ್‌ಗಳನ್ನು ಓದಿ ಇದು ಇಂಥ ಮನೆತನದ್ದು ಎಂದು ಹೇಳುತ್ತದೆ. ನಮ್ಮ ಉದಾಹರಣೆಯಲ್ಲಿ ಪ್ರೋಗ್ರಾಂನ ತುಣುಕು ಆರ್ಮ್64, ಹಾರ್ಫ್‌ಬಝ್ ಎಕ್ಸ್86-64.

ಇಂಟೆಲ್‌ನ ಹಾರ್ಫ್‌ಬಝ್ ಹೊಸ ಮ್ಯಾಕ್‌ಗೆ ಬಂದದ್ದೆಲ್ಲಿಂದ? ಮ್ಯಾಕ್‌ನಲ್ಲಿ ಇಂಥ ಲೈಬ್ರರಿಗಳನ್ನು ಬಹುಮಂದಿ ತರಿಸಿಕೊಳ್ಳುವುದು ಹೋಮ್‌ಬ್ರೂ ಮೂಲಕ. ಇಂಟೆಲ್ ಮ್ಯಾಕ್‌ನಲ್ಲಿ ಅದರ ಸಾಮಾನು ‘ಯೂಸರ್ ಲೋಕಲ್’ ಫೋಲ್ಡರಿನಲ್ಲಿ ಕೂರುತ್ತಿತ್ತು, ಆರ್ಮ್ ಮ್ಯಾಕ್‌ನಲ್ಲಿ ‘ಆಪ್ಟ್’ ಫೋಲ್ಡರಿನೊಳಗಿನ ‘ಹೋಮ್‌ಬ್ರೂ’ನಲ್ಲಿ. ಎರಡೂ ಒಟ್ಟಿಗೆ ಬಾಳಲಿ ಎಂದೇ ಬೇರೆ ಜಾಗ ಇಟ್ಟರು. ಹಳೆಯ ಮ್ಯಾಕ್‌ನದೆಲ್ಲವೂ ವರ್ಗಾವಣೆಯಾದಾಗ ಹಳೆಯ ಫೋಲ್ಡರೂ ಜೊತೆಗೇ ಬಂತು. ಪ್ರೋಗ್ರಾಂ ಕಟ್ಟುವ ಸೂಚನೆಗಳಿರುವ ಬಿಲ್ಡ್ ಸ್ಕ್ರಿಪ್ಟ್‌ನಲ್ಲಿ ಹಳೆಯ ದಾರಿಯೇ ಬರೆದಿತ್ತು. ಆರ್ಮ್‌ನ ಹೋಮ್‌ಬ್ರೂ ಹಾಕಿ, ಅದರಿಂದ ಹಾರ್ಫ್‌ಬಝ್ ತರಿಸಿ, ದಾರಿ ತಿದ್ದಿದರೆ ತೊಂದರೆ ಮುಗಿಯಬೇಕು.

ಒಮ್ಮೊಮ್ಮೆ ಮುಗಿಯುವುದಿಲ್ಲ. ಪ್ರೋಗ್ರಾಂ ಕಟ್ಟಲು ಬಳಸುವ ಸಿಮೇಕ್‌ನಂಥ ಸಲಕರಣೆ ಮೊದಲ ಸಲ ಕಂಡ ಲೈಬ್ರರಿಯ ದಾರಿಯನ್ನು ನೆನಪಿಟ್ಟುಕೊಂಡು ಅದನ್ನೇ ಮತ್ತೆ ಕೊಡುತ್ತದೆ; ಬಿಲ್ಡ್ ಫೋಲ್ಡರನ್ನೇ ಅಳಿಸಿ ಹೊಸದಾಗಿ ಕಟ್ಟಬೇಕು. ಇನ್ನೊಂದು ಕಳ್ಳ ಕಾರಣ, ಆಜ್ಞೆಗಳನ್ನು ಟೈಪ್ ಮಾಡುವ ಕಿಟಕಿಯಾದ ಟರ್ಮಿನಲ್. ಇಂಟೆಲ್ ಪ್ರೋಗ್ರಾಂಗಳನ್ನು ಆರ್ಮ್ ಮ್ಯಾಕ್ ಮೇಲೆ ಅನುವಾದಿಸಿ ಓಡಿಸಲು ಆಪಲ್ ರೊಸೆಟ್ಟಾ ಕೊಟ್ಟಿದೆ. ಟರ್ಮಿನಲ್ಲೇ ರೊಸೆಟ್ಟಾ ಮೂಲಕ ಓಡುತ್ತಿದ್ದರೆ, ಅದರೊಳಗಿಂದ ಕರೆದ ಸಲಕರಣೆಗಳಿಗೂ ತಾವಿರುವುದು ಇಂಟೆಲ್ ಯಂತ್ರ ಎಂಬ ಭ್ರಮೆ. ‘ಯುನೇಮ್’ ಆಜ್ಞೆ ಕೊಟ್ಟು ಯಂತ್ರದ ಮನೆತನ ಕೇಳಿದರೆ ಎಕ್ಸ್86-64 ಎಂದೇ ಉತ್ತರ ಬರುತ್ತದೆ. ಪೈಥಾನ್ ಬಳಸುವವರು ಇದೇ ಬಲೆಗೆ ಪ್ರೋಗ್ರಾಂ ಓಡುವ ಹೊತ್ತಿಗೆ ಬೀಳುತ್ತಾರೆ: ಲೈಬ್ರರಿ ತೆರೆದ ಕ್ಷಣದಲ್ಲಿ, ಇರುವುದು ಇದು ಬೇಕಾದದ್ದು ಅದು ಎಂಬ ದೂರು.

ಇಡೀ ಪ್ರೋಗ್ರಾಂ ಅನ್ನೇ ಇಂಟೆಲ್‌ಗೆ ಕಟ್ಟಿ ರೊಸೆಟ್ಟಾ ಮೇಲೆ ಓಡಿಸಿದರಾಗದೇ ಎಂದು ಕೇಳಬಹುದು. ಆಗುತ್ತದೆ, ಇವತ್ತಿನ ಮಟ್ಟಿಗೆ. ಮ್ಯಾಕ್‌ಓಎಸ್ 27ರ ನಂತರ ರೊಸೆಟ್ಟಾದಲ್ಲಿ ಕೆಲವು ಹಳೆಯ ಆಟಗಳಿಗೆ ಬೇಕಾದಷ್ಟನ್ನು ಮಾತ್ರ ಉಳಿಸಿಕೊಳ್ಳುವುದಾಗಿ ಆಪಲ್ 2025ರಲ್ಲಿ ತಿಳಿಸಿದೆ. ಹಾಗಾದರೆ ಅರ್ಧ ಇಂಟೆಲ್, ಅರ್ಧ ಆರ್ಮ್? ರೊಸೆಟ್ಟಾ ಅದಕ್ಕೆ ಒಪ್ಪುವುದೇ ಇಲ್ಲ. ಒಂದು ಪ್ರೋಗ್ರಾಂ ಓಡುವಾಗ ಅದರೊಳಗಿನ ಎಲ್ಲವೂ ಒಂದೇ ಮನೆತನದ್ದಾಗಿರಬೇಕು. ಇದಕ್ಕೆ ಅಪವಾದ ಮಾಡಿಕೊಂಡದ್ದು ಮೈಕ್ರೋಸಾಫ್ಟ್. 2021ರಲ್ಲಿ ಅದು ಪ್ರಕಟಿಸಿದ ಆರ್ಮ್64ಇಸಿ ಪದ್ಧತಿಯಲ್ಲಿ ಎರಡೂ ಬೆರೆಯಬಹುದು. ಆದರೆ ಅದಕ್ಕೆ ತೆತ್ತ ಬೆಲೆ ನೋಡಿ: ಅಲ್ಲಿ ಆರ್ಮ್ ಆಜ್ಞೆಗಳೇ ಎಕ್ಸ್64ರ ಕರೆಯುವ ಒಪ್ಪಂದವನ್ನು ಪಾಲಿಸಬೇಕು.

ವಿಂಡೋಸ್ ಹೆಸರಿಡುವ ಚಂದವನ್ನೂ ಇಲ್ಲೇ ಹೇಳಿಬಿಡಬೇಕು. 64 ಬಿಟ್ ವಿಂಡೋಸ್‌ನಲ್ಲಿ ‘ಸಿಸ್ಟಂ32’ ಫೋಲ್ಡರಿನೊಳಗಿರುವುದು 64 ಬಿಟ್ ಲೈಬ್ರರಿಗಳು. 32 ಬಿಟ್‌ನವು ‘ಸಿಸ್‌ವಾವ್64’ ಎಂಬ ಫೋಲ್ಡರಿನಲ್ಲಿವೆ. ಹಳೆಯ ಹೆಸರನ್ನೇ ನೆಚ್ಚಿಕೊಂಡ ಅಸಂಖ್ಯ ಪ್ರೋಗ್ರಾಂಗಳು ಮುರಿಯಬಾರದೆಂದು ಹೀಗೆ ಮಾಡಿದರು. ಫೋಲ್ಡರಿನ ಹೆಸರು ನಂಬಿ ಲೈಬ್ರರಿ ಎತ್ತಿಕೊಂಡವರ ಪಾಡು ದೇವರಿಗೇ ಪ್ರೀತಿ.

ಮನೆತನ ಒಂದೇ, ಆದರೂ ತಕರಾರು

ಐಫೋನ್ ಆ್ಯಪ್ ಬರೆಯುವವರಿಗೆ 2020ರ ನಂತರ ಹೊಸ ತಲೆನೋವು ಶುರುವಾಯಿತು. ಆ್ಯಪ್ ಅನ್ನು ಮೊದಲು ಮ್ಯಾಕ್ ಮೇಲಿನ ಸಿಮ್ಯುಲೇಟರಿನಲ್ಲಿ ಓಡಿಸಿ ನೋಡುತ್ತಾರೆ. ಹಿಂದೆ ಸಿಮ್ಯುಲೇಟರ್ ಇಂಟೆಲ್, ಫೋನ್ ಆರ್ಮ್. ಎರಡರ ಲೈಬ್ರರಿಗಳನ್ನೂ ಒಂದು ದಪ್ಪ ಫೈಲಿನಲ್ಲಿ ಹೊಲಿದಿಟ್ಟರೆ ಸಾಕಿತ್ತು. ಈಗ ಎರಡೂ ಆರ್ಮ್64. ಇನ್ನು ಚಿಂತೆಯಿಲ್ಲ ಎಂದುಕೊಂಡರೆ ಲಿಂಕರ್ ಮತ್ತೆ ತಡೆಯುತ್ತದೆ, ಇದು ಐಫೋನಿಗೆ ಕಟ್ಟಿದ್ದು, ಸಿಮ್ಯುಲೇಟರಿಗಲ್ಲ ಎಂದು. ಚಿಪ್ ಒಂದೇ ಆದರೂ ಸಿಮ್ಯುಲೇಟರ್ ನಿಂತಿರುವುದು ಮ್ಯಾಕ್‌ನ ತಳಪಾಯದ ಮೇಲೆ. ಯಾವ ಚಿಪ್ ಎಂಬುದರ ಜೊತೆಗೆ ಯಾವ ವೇದಿಕೆ ಎಂಬುದನ್ನೂ ಫೈಲ್ ತನ್ನೊಳಗೆ ಬರೆದುಕೊಂಡಿರುತ್ತದೆ, ಲಿಂಕರ್ ಅದನ್ನೂ ಪರೀಕ್ಷಿಸುತ್ತದೆ. ದಪ್ಪ ಫೈಲಿನಲ್ಲಿ ಎರಡು ಆರ್ಮ್64ಗಳಿಗೆ ಜಾಗವಿಲ್ಲ. ಅದಕ್ಕೆ ಒದಗಿಬಂದದ್ದು ವೇದಿಕೆಗೊಂದು ಫೋಲ್ಡರ್ ಇಟ್ಟು ಕಟ್ಟುವ ಎಕ್ಸ್‌ಸಿ ಫ್ರೇಮ್‌ವರ್ಕ್ ಎಂಬ ಪದ್ಧತಿ. ಆಪಲ್ ಅದನ್ನು 2019ರಲ್ಲೇ, ಅಂದರೆ ಆರ್ಮ್ ಮ್ಯಾಕ್‌ಗಳನ್ನು ಘೋಷಿಸುವ ಒಂದು ವರ್ಷ ಮೊದಲೇ ಪರಿಚಯಿಸಿತ್ತು. ಮುಂದೇನು ಬರಲಿದೆ ಎಂದು ಆಗಲೇ ಊಹಿಸಿದವರೂ ಇದ್ದಿರಬಹುದು.

ಮೂಲ ಕೊಡದವರ ಲೈಬ್ರರಿ

ಹಾರ್ಫ್‌ಬಝ್ ಮುಕ್ತ ಲೈಬ್ರರಿಯಾದ್ದರಿಂದ ನಾವು ಪಾರಾದೆವು. ಯಾರೂ ಆರ್ಮ್‌ಗೆ ಕಟ್ಟಿಡದಿದ್ದರೂ ಅದರ ಮೂಲ ಸಾಲುಗಳನ್ನು ತಂದು ನಾವೇ ಕಂಪೈಲ್ ಮಾಡಿಕೊಳ್ಳಬಹುದಿತ್ತು. ಹಳೆಯ ಸ್ಕ್ಯಾನರಿನ ಜೊತೆ ಬಂದ, ಕಂಪನಿ ಎಂದೋ ಕೈಬಿಟ್ಟ 32 ಬಿಟ್ ಲೈಬ್ರರಿಗೆ ಆ ಅನುಕೂಲವಿಲ್ಲ. ಇರುವುದು ಅಂಕಿಗಳಷ್ಟೆ.

ಅಂಥ ಕಡೆ ಬೆಸೆಯುವ ಆಸೆಯನ್ನೇ ಬಿಡಬೇಕು. ಲೈಬ್ರರಿಯನ್ನು ಅದರದೇ ಮನೆತನದ ಪುಟ್ಟ ಪ್ರೋಗ್ರಾಂ ಒಂದಕ್ಕೆ ಜೋಡಿಸಿ ಬೇರೆಯಾಗಿ ಓಡಿಸುತ್ತಾರೆ. ಅದಕ್ಕೂ ಹೊಸ ಪ್ರೋಗ್ರಾಂಗೂ ನಡುವೆ ಸಂದೇಶಗಳ ಕೊಳವೆ ಎಳೆಯುತ್ತಾರೆ. ಕೊಳವೆಯಲ್ಲಿ ಹರಿಯುವುದು ಚಿತ್ರ, ಪಠ್ಯ, ಸಂಖ್ಯೆಗಳು; ಆಜ್ಞೆಗಳಲ್ಲ, ರಿಜಿಸ್ಟರುಗಳೂ ಅಲ್ಲ. ವೆಬ್ ಪುಟಗಳಲ್ಲಿ ವೀಡಿಯೊ ಓಡಿಸುತ್ತಿದ್ದ ಫ್ಲ್ಯಾಶ್‌ನ ಕಾಲದಲ್ಲಿ ಲಿನಕ್ಸ್ ಬಳಸುವವರು ಇದನ್ನೇ ಮಾಡಿದ್ದರು. ಬ್ರೌಸರ್ 64 ಬಿಟ್, ಫ್ಲ್ಯಾಶ್ ಸಿಗುತ್ತಿದ್ದುದು 32 ಬಿಟ್‌ನಲ್ಲಿ ಮಾತ್ರ. ಎನ್‌ಎಸ್ ಪ್ಲಗಿನ್ ರ್‍ಯಾಪರ್ ಎಂಬ ಸಲಕರಣೆ ಫ್ಲ್ಯಾಶ್ ಅನ್ನು ಪ್ರತ್ಯೇಕ ಪ್ರೋಗ್ರಾಂ ಆಗಿ ಓಡಿಸಿ, ಬ್ರೌಸರಿನ ಜೊತೆ ಸಂದೇಶಗಳ ಮೂಲಕ ಮಾತಾಡಿಸುತ್ತಿತ್ತು. ಬೆಸುಗೆಗಿಂತ ಇದು ನಿಧಾನ. ಪ್ರತಿ ಕರೆಯನ್ನೂ ಸಂದೇಶವಾಗಿ ಬರೆದು, ಕಳಿಸಿ, ಮತ್ತೆ ಬಿಡಿಸಬೇಕು. ಒಂದು ಲಾಭ ಮಾತ್ರ ತಾನಾಗಿ ಒದಗಿತು: ಫ್ಲ್ಯಾಶ್ ಕುಸಿದರೂ ಬ್ರೌಸರ್ ಕುಸಿಯುತ್ತಿರಲಿಲ್ಲ.